ಉಜ್ಜಿದ ಕಲ್ಲು, ಕುಡಿಯದ ನೀರು

ನನ್ನ ಪಿಎಚ್‌ಡಿ ಪ್ರಬಂಧದಲ್ಲಿ ಒಂದು ವಾಕ್ಯವಿದೆ: ‘ಸ್ಥಳೀಯ ವ್ಯಕ್ತಿಯೊಬ್ಬರ ಹಸ್ತಕ್ಷೇಪದಿಂದಾಗಿ ಮೊದಲ ವರ್ಷದ ಚಳಿಗಾಲದ ಮಾದರಿಗಳನ್ನು ಕೈಬಿಡಲಾಗಿದೆ.’ ಇಂಗ್ಲಿಷಿನಲ್ಲಿ ಇರುವುದರಿಂದ ಇನ್ನೂ ಸಭ್ಯವಾಗಿ ಕಾಣುತ್ತದೆ. ವಾಕ್ಯ ಸುಳ್ಳಲ್ಲ. ಆದರೆ ಆ ವ್ಯಕ್ತಿ ಯಾಕೆ ಹಾಗೆ ಮಾಡಿದರು ಎನ್ನುವುದು ನನಗೆ ಗೊತ್ತಿತ್ತು. ಅದನ್ನೆಲ್ಲ ಬರೆಯಲು ಪ್ರಬಂಧದಲ್ಲಿ ಜಾಗವಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಾಗ ಬೇಕಾದಷ್ಟಿತ್ತು, ಧೈರ್ಯ ಇರಲಿಲ್ಲ.

ನಾನು ಕಂಪ್ಲಿಯವಳು. ನಮ್ಮದು ಅಕ್ಕಿ ಗಿರಣಿ ಇದ್ದ ಮನೆ. ಗಿರಣಿಗೂ ಮನೆಗೂ ನಡುವೆ ಒಂದು ಕಿಟಕಿ, ಆ ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಸ್ಟೀಲ್ ಲೋಟಗಳು ಬೋರಲಾಗಿ ಇರುತ್ತಿದ್ದವು. ಚೀಲ ಹೊರುವವರು, ತೌಡು ತುಂಬುವವರು ನೀರು ಕೇಳಿದರೆ ಅವ್ವ ಆ ಲೋಟಕ್ಕೆ ಮೇಲಿನಿಂದ ನೀರು ಸುರಿಯುತ್ತಿದ್ದಳು. ಕುಡಿದವರು ತಾವೇ ತೊಳೆದು ಮತ್ತೆ ಬೋರಲು ಹಾಕುತ್ತಿದ್ದರು. ಅವ್ವ ಕೆಟ್ಟವಳಲ್ಲ. ಅವರ ಮನೆಯ ಮದುವೆಗಳಿಗೆ ಸೀರೆ ಕೊಡುತ್ತಿದ್ದಳು, ಜ್ವರ ಬಂದರೆ ಗುಳಿಗೆ ಕಳಿಸುತ್ತಿದ್ದಳು. ಆ ಲೋಟಗಳು ಮಾತ್ರ ಒಳಗೆ ಬರುತ್ತಿರಲಿಲ್ಲ. ಕಾಲೇಜಿಗೆ ಹೋಗುವ ವಯಸ್ಸಿಗೆ ನಾನು ಆ ಬಗ್ಗೆ ಅವ್ವನ ಜೊತೆ ಜಗಳ ಆಡಿದ್ದೆ. ಒಂದು ದಿನ ಆ ಲೋಟಗಳನ್ನು ತಂದು ಅಡುಗೆಮನೆಯ ಸಾಲಿನಲ್ಲೇ ಇಟ್ಟಿದ್ದೆ. ಆವತ್ತಿನಿಂದ ನಾನು ಆ ಕಿಟಕಿಯನ್ನು ದಾಟಿ ಬಂದವಳು ಎಂದೇ ನಂಬಿಕೊಂಡಿದ್ದೆ. ಹೊಸಪೇಟೆಯ ಕಾಲೇಜಿನಲ್ಲಿ ಸೂಕ್ಷ್ಮಜೀವಿ ಶಾಸ್ತ್ರ ಪಾಠ ಮಾಡುವಾಗ ಜಾತಿ ಗೀತಿ ಎಲ್ಲ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ ಎಂದು ಮಕ್ಕಳಿಗೆ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ. ಹೇಳೋದು ಶಾಸ್ತ್ರ, ಇಕ್ಕೋದು ಗಾಳ.

ನನ್ನ ಸಂಶೋಧನೆಯ ವಿಷಯ ಕೇಳಿದರೆ ನಮ್ಮ ಮನೆಯಲ್ಲಿ ಈಗಲೂ ನಗುತ್ತಾರೆ. ಹಳ್ಳದ ಕಲ್ಲಿನ ಮೇಲಿನ ಲೋಳೆ. ಕಂಪ್ಲಿಯಲ್ಲಿ ಕಾಲುವೆಯ ಮೆಟ್ಟಿಲಿಳಿದು ಜಾರಿಬಿದ್ದವರೆಲ್ಲರಿಗೂ ಅದರ ಪರಿಚಯವಿದೆ. ಅದು ಕೇವಲ ಪಾಚಿಯಲ್ಲ. ಹರಿಯುವ ನೀರಿನಲ್ಲಿ ಮೊದಲು ಕೆಲವು ಬ್ಯಾಕ್ಟೀರಿಯಾಗಳು ಬಂದು ಕಲ್ಲಿಗೆ ಅಂಟಿಕೊಳ್ಳುತ್ತವೆ, ಅಂಟನ್ನು ಸುರಿಸಿ ಮನೆ ಕಟ್ಟುತ್ತವೆ. ಆ ಅಂಟಿನಲ್ಲಿ ಬೇರೆಯವು ಬಂದು ಸೇರುತ್ತವೆ, ಪಾಚಿ ಸೇರುತ್ತದೆ, ಅದನ್ನು ತಿನ್ನುವ ಸಣ್ಣ ಜೀವಿಗಳು ಸೇರುತ್ತವೆ. ಮಳೆಗಾಲದ ಪ್ರವಾಹ ಬಂದು ಕೆರೆದುಕೊಂಡು ಹೋದರೆ ಮತ್ತೆ ಮೊದಲಿನಿಂದ ಶುರು. ಯಾವ ಕಾಲದಲ್ಲಿ ಯಾರು ಇರುತ್ತಾರೆ, ಯಾರು ಹೋಗುತ್ತಾರೆ, ಯಾರು ಮೊದಲು ಬರುತ್ತಾರೆ ಎಂದು ವರ್ಷವಿಡೀ ನೋಡಿ ಬರೆಯುವುದೇ ನನ್ನ ಕೆಲಸವಾಗಿತ್ತು.

ಅದಕ್ಕೆ ಕಾಲುವೆ ಆಗದು, ಅದರ ನೀರನ್ನು ಮನುಷ್ಯರು ಬಿಡುತ್ತಾರೆ, ಕಟ್ಟುತ್ತಾರೆ. ಸಂಡೂರಿನ ಗುಡ್ಡಗಳಿಂದ ಚೋರನೂರಿನ ಕಡೆಗೆ ಇಳಿಯುವ ಒಂದು ಸಣ್ಣ ಹಳ್ಳವನ್ನು ಆರಿಸಿಕೊಂಡೆ. ಹನ್ನೆರಡು ಕಲ್ಲುಗಳಿಗೆ ಹಳದಿ ಬಣ್ಣದಲ್ಲಿ ನಂಬರ್ ಬರೆದೆ. ಪ್ರತಿ ಸಲ ಬಂದಾಗ ಪ್ರತಿ ಕಲ್ಲಿನ ಮೇಲೆ ಒಂದು ಸ್ಟೀಲ್ ಬಳೆ ಇಟ್ಟು, ಬಳೆಯ ಒಳಗಿನ ಲೋಳೆಯನ್ನಷ್ಟೇ ಹಲ್ಲುಜ್ಜುವ ಬ್ರಶ್ಶಿನಿಂದ ಕೆರೆದು, ಐಸ್ ಡಬ್ಬಿಯಲ್ಲಿ ಇಟ್ಟುಕೊಂಡು ಹೊಸಪೇಟೆಗೆ ಒಯ್ಯಬೇಕು. ಕೆರೆದ ಜಾಗವನ್ನು ಮುಂದಿನ ಸಲ ಬಿಟ್ಟು ಪಕ್ಕದ ಜಾಗ. ವಿಧಾನ ಇಷ್ಟೇ. ಆ ಕಲ್ಲುಗಳನ್ನು ಬೇರೆ ಯಾರೂ ಮುಟ್ಟಬಾರದು ಅನ್ನುವುದು ಒಂದೇ ಷರತ್ತು.

ಮೊದಲ ಸಲ ಹೋದಾಗ ಆರಿದ್ರಾ ಮಳೆ ಬಿದ್ದು ಹಳ್ಳ ಅದಿರಿನ ಮಣ್ಣಿನಿಂದ ಕೆಂಪಾಗಿ ಹರಿದು, ಸ್ವಲ್ಪ ತಿಳಿಯಾಗಿತ್ತು. ದಡದ ಮೇಲೆ ಒಂದೇ ಒಂದು ಮನೆ. ಅದರಿಂದ ಒಬ್ಬ ಹೆಂಗಸು ಇಳಿದು ಬಂದರು. ನೋಟ್‌ಬುಕ್ಕಿನಲ್ಲಿ ನಾನು ಅವರನ್ನು ‘ಹಳ್ಳದ ಅಜ್ಜಿ’ ಎಂದು ಬರೆದುಕೊಂಡೆ, ಹೆಸರು ಕೇಳಲಿಲ್ಲ. ಆಡು ಸಾಕಿದ್ದರು, ಸೀತಾಫಲದ ಕಾಲಕ್ಕೆ ಗುಡ್ಡದ ಹಣ್ಣು ಆಯ್ದು ಮಾರುತ್ತಿದ್ದರು. ಜೊತೆಗೆ ಸೊಸೆ ಇದ್ದಳು. ಈಗ ಬರೆಯುವಾಗ ಅಜ್ಜಿಗೆ ಬಹುವಚನ ಕೊಡುತ್ತಿದ್ದೇನೆ, ಬರಹದಲ್ಲಿ ಅದು ಸುಲಭ. ಎದುರಿಗೆ ನಾನು ಅವರಿಗೆ ‘ನೀನು’ ಅನ್ನುತ್ತಿದ್ದೆ, ನನಗಿಂತ ಎರಡು ಪಟ್ಟು ವಯಸ್ಸಾದ ಅವರು ನನಗೆ ‘ರೀ’ ಹಚ್ಚುತ್ತಿದ್ದರು.

“ಏನ್ ಹುಡುಕಾಕತ್ತೀರಿ ಅಮ್ಮಾರ? ಅದಿರು ನೋಡಾಕ ಬಂದ್ರೇನು ಮತ್ತ?”

“ಇಲ್ಲಮ್ಮಾ. ಕಲ್ಲಿನ ಮ್ಯಾಲಿನ ಲೋಳಿ ನೋಡಾಕ ಬಂದೀನಿ.”

“ಲೋಳಿ ನೋಡಾಕ ಹೊಸಪ್ಯಾಟಿಯಿಂದ ಬಂದ್ರಿ?” ಅವರು ಬಾಯಿಗೆ ಸೆರಗು ಹಚ್ಚಿ ನಕ್ಕರು. ಆಮೇಲೆ ನಗು ನಿಲ್ಲಿಸಿ, ದಾರಿ ತಪ್ಪಿದವರಿಗೆ ದಾರಿ ಹೇಳುವ ಹಾಗೆ ಹೇಳಿದರು: “ಈಗ ಬಂದು ಏನ್ ನೋಡ್ತೀರಿ. ಈಗ ಕಲ್ಲು ಬೋಳ. ಆರಿದ್ರಿ ಮಳಿ ತೊಳಕೊಂಡು ಹೋಗೈತಿ. ಗಣಪ್ಪನ ಹಬ್ಬದ ಹುಬ್ಬಿ ಮಳಿ ಕಳದ ಮ್ಯಾಲೆ ಬರ್ರಿ, ಕಂದು ಲೋಳಿ ಹಿಡೀತೈತಿ. ಚಳಿಗೆ ಇನ್ನಾ ದಪ್ಪ ಆಗ್ತೈತಿ, ಕಾಲಿಟ್ರ ತುಪ್ಪ. ಶಿವರಾತ್ರಿ ದಾಟಿದ್ರ ಹಸರು, ಕೂದಲ ಕೂದಲ. ಆಮ್ಯಾಲೆ ಬಿಸಲಿಗೆ ಹಪ್ಪಳ ಆಗಿ ಏಳ್ತೈತಿ.”

“ಇಷ್ಟೆಲ್ಲಾ ನಿನಗ ಹ್ಯಾಂಗ ಗೊತ್ತು?”

“ಕಣ್ಣಿಗಿಂತ ಮೊದ್ಲು ಕಾಲಿಗೆ ಗೊತ್ತಾಗ್ತೈತ್ರೀ.”

ನಾನು ಹೂಂ ಅಂದೆ. ಬರೆದುಕೊಳ್ಳಲಿಲ್ಲ. ಅವರು ಒಂದೇ ಉಸಿರಿನಲ್ಲಿ ಹೇಳಿದ್ದನ್ನೇ ನಾನು ಮುಂದೆ ವರ್ಷಗಟ್ಟಲೆ ಮಣ್ಣು ಹೊತ್ತು ಕಂಡುಕೊಂಡೆ ಅನ್ನುವುದು ಈಗ ಅರ್ಥವಾಗಿದೆ. ಆಗ ಅದನ್ನು ಬರೆದುಕೊಂಡಿದ್ದರೆ ಚಳಿಗಾಲದಲ್ಲಿ ನಾನು ಮೂರ್ಖಳಾಗುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಅವರು ಮನೆಯ ಮುಂದೆ ಗೋಣಿಚೀಲ ಹಾಸಿ ಕೂರಿಸಿದರು. ಒಳಗಿಂದ ಒಂದು ತಂಬಿಗೆ ನೀರು, ಅಂಗೈ ಮೇಲೆ ಒಂದು ಚೂರು ಬೆಲ್ಲ ತಂದರು. ಮನೆಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು. ನಮ್ಮ ಕಡೆ ಶತ್ರು ಬಂದರೂ ಹಾಗೇ. ಆ ನೀರು ಹಳ್ಳದ ಹರಿವಿನದ್ದಲ್ಲ. ದಡದ ಮರಳಿನಲ್ಲಿ ಅವರು ತೋಡಿಕೊಂಡಿದ್ದ ಒರತೆಯದ್ದು, ಮರಳೇ ಸೋಸಿ ಕೊಟ್ಟ ತಿಳಿನೀರು. ಬರುವಾಗ ನಾನೇ ಅದನ್ನು ಕಣ್ಣಾರೆ ನೋಡಿದ್ದೆ. ಅವರ ಜಾತಿ ಯಾವುದು ಎಂದು ಚೋರನೂರಿನ ಅಂಗಡಿಯಲ್ಲಿ ದಾರಿ ಕೇಳುವಾಗಲೇ ಗೊತ್ತಾಗಿತ್ತು. ಹಾಗೆ ಗೊತ್ತಿತ್ತು ಎನ್ನುವುದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಬರಹವೇ ಇನ್ನೊಂದು ಸುಳ್ಳಾಗುತ್ತದೆ.

ತಂಬಿಗೆ ನನ್ನ ಮುಂದಿತ್ತು. ಕೈ ಏಳಲಿಲ್ಲ. ನಾನು ಯೋಚಿಸಿ ಬೇಡ ಅನ್ನಲಿಲ್ಲ, ಯೋಚನೆಗೆ ಮೊದಲೇ ಕೈ ತೊಡೆಯ ಮೇಲೆ ಕುಳಿತುಬಿಟ್ಟಿತ್ತು. ಆಮೇಲೆ ಯೋಚನೆ ಬಂತು, ಬಂದದ್ದು ಕೈಯನ್ನು ಸಮರ್ಥಿಸಿಕೊಳ್ಳುವುದಕ್ಕೆ.

“ಬ್ಯಾಡಮ್ಮಾ. ಈ ನೀರಾಗ ಹುಳ ಇರ್ತಾವ. ಕಣ್ಣಿಗೆ ಕಾಣಂಗಿಲ್ಲ. ಆ ಕಲ್ಲಿನ ಲೋಳಿ ಐತಲ್ಲ, ಅದರ ತುಂಬ ಅವೇ. ನಾನು ಅದನ್ನ ಓದಾಕ ಬಂದೀನಿ.”

“ಇದು ಹಳ್ಳದ್ದಲ್ರೀ, ಒರತಿದು.”

“ಎಲ್ಲಾ ಒಂದ,” ಅಂದೆ.

ಅವರು ತಂಬಿಗೆಯ ನೀರನ್ನು ಕರಿಬೇವಿನ ಗಿಡದ ಬುಡಕ್ಕೆ ಹಾಕಿ ಬಂದರು. ಬೆಲ್ಲವನ್ನು ಮಾತ್ರ ನಾನು ತೆಗೆದುಕೊಂಡು ಬ್ಯಾಗಿಗೆ ಹಾಕಿಕೊಂಡೆ. ಸಂಡೂರಿನ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಅದಕ್ಕೆ ಇರುವೆ ಮುತ್ತಿತ್ತು, ಎಸೆದೆ. ಅಲ್ಲೇ ನಿಂತು ಒಂದು ಚಹಾ ಕುಡಿದೆ. ಅಂಗಡಿಯವನು ಗ್ಲಾಸನ್ನು ಒಂದು ಬಕೆಟಿನಲ್ಲಿ ಅದ್ದಿ ತೆಗೆದು ಕೊಟ್ಟ. ಆ ಬಕೆಟಿನ ನೀರಿನ ಮೇಲೆ ಇನ್ನೊಂದು ಪಿಎಚ್‌ಡಿ ಮಾಡಬಹುದಿತ್ತು. ಚಹಾ ಮಸ್ತ್ ಇತ್ತು, ಇನ್ನೊಂದು ಕೇಳಿದೆ.

ದೀಪಾವಳಿ ಕಳೆದ ವಾರ ಎರಡನೆಯ ಸಲ ಹೋದೆ. ಅಜ್ಜಿ ಹೇಳಿದ್ದ ಹಾಗೇ ಕಲ್ಲಿನ ಮೇಲೆ ಕಂದು ಲೋಳೆ ಹಿಡಿದಿತ್ತು. ಕೆಲಸ ಮುಗಿಯುವ ಹೊತ್ತಿಗೆ ಮತ್ತೆ ತಂಬಿಗೆ ಬಂತು. ಈ ಸಲ ಅವರು ಕುದಿಸಿ ಆರಿಸಿದ್ದರಂತೆ. “ಟೀವ್ಯಾಗ ಹೇಳ್ತಾರಂತ, ಕಾಸಿದ್ರ ಹುಳ ಸಾಯ್ತಾವಂತ. ಸೊಸಿ ಹೇಳಿದ್ಲು,” ಅಂದರು. ನಾನು ಅವರಿಗೆ ಹೇಳಿಕೊಟ್ಟ ನೆಪಕ್ಕೆ ಅವರು ಉತ್ತರ ಹುಡುಕಿಕೊಂಡು ಬಂದಿದ್ದರು.

ನಾನು ಆಗಲೂ ಕುಡಿಯಬಹುದಿತ್ತು. ಬದಲಿಗೆ ಚೀಲದಿಂದ ಸಣ್ಣ ಮೈಕ್ರೋಸ್ಕೋಪ್ ತೆಗೆದೆ. ನಾಲ್ಕನೇ ನಂಬರಿನ ಕಲ್ಲಿನಿಂದ ಕೆರೆದ ಲೋಳೆಯ ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟು, ಬಿಸಿಲಿಗೆ ಹಿಡಿದು, ಅವರಿಗೆ ತೋರಿಸಿದೆ. ತುಂಬ ಹೊತ್ತು ಕಣ್ಣು ಹಚ್ಚಿ ನೋಡಿದರು. ಏನೋ ಹರಿದಾಡುವುದು, ಸುತ್ತುವುದು, ಒಂದನ್ನೊಂದು ತಳ್ಳಿಕೊಂಡು ಹೋಗುವುದು ಕಂಡಿರಬೇಕು. ಕಣ್ಣು ತೆಗೆದಾಗ ಅವರ ಮುಖ ಸಣ್ಣದಾಗಿತ್ತು.

“ಇಷ್ಟ್ ಹುಳ ಕುಡಕೋತ ಬಂದೀವೇನ್ರೀ ನಾವು?”

ಇಲ್ಲ ಅನ್ನಬೇಕಿತ್ತು. ಇದು ಕಲ್ಲಿನದು, ನಿಮ್ಮ ಒರತೆಯದ್ದಲ್ಲ, ಇವುಗಳಲ್ಲಿ ಮುಕ್ಕಾಲುಪಾಲು ಯಾರಿಗೂ ಏನೂ ಮಾಡುವುದಿಲ್ಲ, ಇವು ಇಲ್ಲದಿದ್ದರೆ ಹಳ್ಳವೇ ಕೊಳೆತು ನಾರುತ್ತಿತ್ತು ಎಂದು ಹೇಳಬೇಕಿತ್ತು. ಅದನ್ನೇ ಅಲ್ಲವೇ ನಾನು ತರಗತಿಯಲ್ಲಿ ಹೇಳುವುದು. ಆದರೆ ತಂಬಿಗೆ ಪಕ್ಕದಲ್ಲೇ ಇತ್ತು. “ನೋಡಿದಿಯಲ್ಲ,” ಅಂದೆ. ಅಷ್ಟೇ ಅಂದೆ.

ಎಳ್ಳಮಾವಾಸ್ಯೆಯಾಗಿ ಒಂದು ವಾರಕ್ಕೆ ಮೂರನೆಯ ಸಲ. ಅಜ್ಜಿ ಹಬ್ಬಕ್ಕೆ ಮಾಡಿದ ಸಜ್ಜೆ ರೊಟ್ಟಿ ಎತ್ತಿಟ್ಟಿದ್ದರು. ಗಡಿಬಿಡಿ ಇದೆ ಎಂದು ಹೇಳಿ ಅದನ್ನು ತಪ್ಪಿಸಿಕೊಂಡೆ. ನೀರನ್ನು ಈ ಸಲ ಅವರು ತರಲೇ ಇಲ್ಲ. “ಮುಂದಿನ ಸಲ ಕುಡೀವಂತ್ರಿ,” ಅಂದು ನಕ್ಕರು. ಯಾಕೆ ಎಂದು ನಾನು ಕೇಳಲಿಲ್ಲ, ಬಚಾವಾದೆ ಅಂದುಕೊಂಡೆ.

ನನ್ನ ಹನ್ನೆರಡು ಕಲ್ಲುಗಳ ಮೇಲಿನ ಲೋಳೆ ತೆಳ್ಳಗಾಗಿತ್ತು. ಬ್ರಶ್ಶಿಗೆ ಹತ್ತುವುದೇ ಕಷ್ಟ. ಚಳಿಗೆ ದಪ್ಪ ಆಗುತ್ತದೆ ಎಂದು ಅಜ್ಜಿ ಹೇಳಿದ್ದು ನೆನಪಿಗೆ ಬರಲಿಲ್ಲ, ಬಂದಿದ್ದರೂ ಅಜ್ಜಿಯ ಮಾತು ಅಂತ ತಳ್ಳಿಹಾಕುತ್ತಿದ್ದೆನೋ ಏನೋ. ಪ್ರಯೋಗಾಲಯದ ತಟ್ಟೆಗಳಲ್ಲಿ ಬೆಳೆದದ್ದೂ ಬೇರೆಯೇ ಬಳಗ. ದೀಪಾವಳಿಯ ಹೊತ್ತಿಗೆ ಇದ್ದ ಹಳದಿ, ಗುಲಾಬಿ ಚುಕ್ಕೆಗಳು ಹೋಗಿ, ಪ್ರವಾಹದ ನಂತರ ಮೊದಲು ಬರುವ ಜಾತಿಗಳೇ ತುಂಬಿದ್ದವು. ಪ್ರವಾಹವೇ ಇಲ್ಲದೆ ಹಳ್ಳ ಚಳಿಗಾಲದಲ್ಲಿ ತನ್ನ ಲೋಳೆಯನ್ನು ತಾನೇ ಕಳಚಿ ಹೊಸದಾಗಿ ಶುರು ಮಾಡುತ್ತದೆ! ಯಾರೂ ಹೇಳದ ವಿಷಯ ನನಗೆ ಸಿಕ್ಕಿತು ಅಂದುಕೊಂಡೆ. ಸುತ್ತಲಿನ ನಂಬರಿಲ್ಲದ ಕಲ್ಲುಗಳ ಮೇಲೆ ಲೋಳೆ ಎಂದಿನಂತೆ ದಪ್ಪಗಿತ್ತೇ ಎಂದು ನಾನು ನೋಡಿರಲಿಲ್ಲ. ನಂಬರ್ ಇದ್ದದ್ದನ್ನು ಮಾತ್ರ ನೋಡುವ ಕಣ್ಣು ನನ್ನದು.

ವಿಭಾಗದ ಸೆಮಿನಾರಿನಲ್ಲಿ ಅದನ್ನು ಹೇಳಿದೆ. ನನ್ನ ಗೈಡ್ ಹಿರಿಯರು, ಸುಲಭಕ್ಕೆ ಮೆಚ್ಚುವವರಲ್ಲ, ಅವರೇ ಎದ್ದು ನಿಂತು ಒಳ್ಳೆಯ ಸಂಶೋಧನೆ ಅಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗಿತ್ತು ಎಲ್ಲರ ಕಥೆ. ಎತ್ತು ಈದದ್ದನ್ನು ತಂದವಳು ಮಾತ್ರ ನಾನೇ. ಆ ವಾರ ಮನೆಯಲ್ಲಿ ಹೋಳಿಗೆ ಆಯಿತು.

ಶಿವರಾತ್ರಿ ಬಂತು. ನಮ್ಮ ಮನೆಯಲ್ಲಿ ಉಪವಾಸ, ಜಾಗರಣೆ ತಪ್ಪುವಂತಿಲ್ಲ. ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ, ನಿದ್ದೆಗಣ್ಣಿನಲ್ಲೇ ಹೊಸಪೇಟೆ, ಸಂಡೂರು ಬಸ್ಸು ಹಿಡಿದು, ಹೇಳದೆ ಕೇಳದೆ ಹಳ್ಳಕ್ಕೆ ಹೋದೆ. ಮುಂದಿನ ವಾರ ಹೋಗುವುದಿತ್ತು. ರಜೆ ಸಿಕ್ಕಿತು ಅಂತ ಮೊದಲೇ ಹೊರಟಿದ್ದೆ. ಆವತ್ತು ಅಮಾವಾಸ್ಯೆ.

ಅಜ್ಜಿ ನೀರಿನಲ್ಲಿ ಮೊಣಕಾಲೂರಿ ಕುಳಿತಿದ್ದರು. ಪಕ್ಕದಲ್ಲಿ ಒಂದು ಬೋಗುಣಿಯಲ್ಲಿ ಬೂದಿ, ಒಂದಿಷ್ಟು ಹುಣಸೆಹಣ್ಣು. ಕೈಯಲ್ಲಿ ತೆಂಗಿನ ನಾರು. ನಾಲ್ಕನೇ ನಂಬರಿನ ಕಲ್ಲನ್ನು ಹಬ್ಬದ ಹಿತ್ತಾಳೆ ಪಾತ್ರೆ ಉಜ್ಜುವ ಹಾಗೆ ಉಜ್ಜುತ್ತಿದ್ದರು. ಒಂದು, ಎರಡು, ಮೂರು ಆಗಲೇ ಹೊಳೆಯುತ್ತಿದ್ದವು. ಹಳದಿ ನಂಬರ್ ಅಳಿಸದ ಹಾಗೆ ಅದರ ಸುತ್ತ ಬೆರಳಿನಿಂದ ಮೆಲ್ಲಗೆ ತಿಕ್ಕಿದ್ದರು.

ಆಗ ನನ್ನ ಬಾಯಿಂದ ಬಂದದ್ದನ್ನು ಬರೆಯುವಾಗ ಈಗಲೂ ಕೈ ಹಿಂದೆ ಸರಿಯುತ್ತದೆ.

“ಯಾರ್ ಹೇಳಿದ್ರು ನಿನಗ ಮುಟ್ಟು ಅಂತ? ಬುದ್ಧಿ ಐತೇನು ನಿನಗ? ನಿನ್ನ ಹೊಲಸು ಕೈ ಹಚ್ಚಿ ನನ್ನ ವರ್ಷದ ಕೆಲಸ ಹಾಳು ಮಾಡಿದಿ.”

ದನಿ ಎಷ್ಟು ಜೋರಾಗಿತ್ತೆಂದರೆ ಮೇಲೆ ಆಡು ಕಟ್ಟುತ್ತಿದ್ದ ಸೊಸೆ ಕೆಳಗೆ ಓಡಿ ಬಂದಳು. ಮುಟ್ಟು ಅನ್ನುವ ಪದ ನಮ್ಮ ಊರುಗಳಲ್ಲಿ ಯಾರಿಗೆ ಹೇಗೆ ಕೇಳಿಸುತ್ತದೆ ಎಂದು ನನಗೆ ಗೊತ್ತಿಲ್ಲವೇ? ಗೊತ್ತಿತ್ತು. ಹೊಲಸು ಕೈ ಎಂದರೆ ಬೂದಿ ಮೆತ್ತಿದ ಕೈ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ವಾದಿಸಿಕೊಂಡಿದ್ದೇನೆ. ವಾದ ನಿಲ್ಲಲಿಲ್ಲ.

ಅಜ್ಜಿ ಮೊದಲು ಕೈಯನ್ನು ನೀರಿನಲ್ಲಿ ತೊಳೆದುಕೊಂಡರು. ಎದ್ದು ನಿಂತು, ನನ್ನ ಕಡೆ ನೋಡದೆ ಕಲ್ಲಿನ ಕಡೆಯೇ ನೋಡುತ್ತ ಹೇಳಿದರು: “ಆವತ್ತು ಗಾಜಿನ್ಯಾಗ ತೋರಿಸಿದ್ರಲ್ಲ, ಈ ನಾಕನೇ ಕಲ್ಲಿಂದು. ನಂಬರ್ ಬರದಿದ್ದು ಹುಳ ಇದ್ದ ಕಲ್ಲಿಗೆ ಅಂತ ತಿಳಕೊಂಡೆ. ಗುಡ್ಡದಾಗೂ ಕಡಿಯೋ ಗಿಡಕ್ಕ ಹಂಗ ನಂಬರ್ ಹಾಕ್ತಾರ್ರೀ. ಅಮಾಸಿಗೆ ಅಮಾಸಿಗೆ ಉಜ್ಜಾಕತ್ತೀನಿ. ಹುಳ ಹೋದ್ರ ನಮ್ಮ ಮನ್ಯಾಗ ಒಂದ್ ಗುಟುಕು ನೀರು ಕುಡೀತೀರಿ ಅಂತ.”

ಸೊಸೆ ಅತ್ತೆಯ ಮುಖ ನೋಡಿದಳು, ನನ್ನ ಮುಖ ನೋಡಿದಳು. ಅವಳಿಗೆ ಎಲ್ಲ ಅರ್ಥವಾಗಿತ್ತು. ಮೊದಲ ದಿನದಿಂದಲೂ ಅರ್ಥವಾಗಿತ್ತು ಅಂತ ಅವಳ ನೋಟದಲ್ಲೇ ತಿಳಿಯಿತು. ಅಜ್ಜಿ ಮಾತ್ರ ನನ್ನ ಮಾತನ್ನು ಮಾತಾಗಿಯೇ ನಂಬಿದ್ದರು. ಓದಿದವಳು ಸುಳ್ಳು ಯಾಕೆ ಹೇಳುತ್ತಾಳೆ, ಹುಳ ಇದೆ ಅಂದರೆ ಹುಳವೇ ಇರಬೇಕು, ಹುಳ ತೆಗೆದರೆ ಕುಡಿಯುತ್ತಾಳೆ. ಎಷ್ಟು ನೆಟ್ಟಗಿನ ಲೆಕ್ಕ.

ಆ ಕ್ಷಣದಲ್ಲಿ ಮೇಲೆ ಹೋಗಿ ಒಂದು ಲೋಟ ನೀರು ಕುಡಿದಿದ್ದರೆ ಇಷ್ಟು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ನಾನು ಮಾಡಿದ್ದು ಇದು: ಐಸ್ ಡಬ್ಬಿಯ ಮುಚ್ಚಳ ಹಾಕಿದೆ, ಬಳೆಯನ್ನು ಚೀಲಕ್ಕೆ ಹಾಕಿದೆ, ಬಸ್ಸಿಗೆ ಹೊತ್ತಾಯಿತು ಅಂದೆ, ಹೊರಟೆ. ಬಸ್ಸು ಬರಲು ಇನ್ನೂ ಎಷ್ಟೋ ಹೊತ್ತಿತ್ತು.

ಮರುದಿನ ಗೈಡ್ ಕೊಠಡಿಗೆ ಹೋಗಿ, ಚಳಿಗಾಲದ ಮಾದರಿಗಳು ಕೆಟ್ಟಿವೆ, ನಾನು ಕಂಡದ್ದು ಋತುವಿನ ಬದಲಾವಣೆಯಲ್ಲ, ಯಾರೋ ಕಲ್ಲು ಉಜ್ಜಿದ್ದಾರೆ ಎಂದೆ. ಇಷ್ಟರಮಟ್ಟಿಗೆ ಪ್ರಾಮಾಣಿಕಳಾಗಿದ್ದೆ, ಆ ಸುಳ್ಳನ್ನು ಅಚ್ಚಿಗೆ ಕಳಿಸಲಿಲ್ಲ. “ಯಾರು ಉಜ್ಜಿದ್ದು?” ಎಂದು ಅವರು ಕೇಳಿದರು. ಅಲ್ಲಿನ ಒಬ್ಬ ಮುದುಕಿ ಸರ್, ಹುಳ ಇದೆ ಅಂತ ಹುಣಸೆಹಣ್ಣು ಹಾಕಿ ತೊಳೆದಿದ್ದಾಳೆ ಅಂದೆ. ಅವರು ನಕ್ಕರು. ಪಕ್ಕದಲ್ಲಿದ್ದ ಇನ್ನಿಬ್ಬರು ನಕ್ಕರು. ಪಾಪ, ಹಳ್ಳಿ ಜನ, ಏನು ತಿಳಿಯುತ್ತದೆ ಅವರಿಗೆ ಅಂದರು. ನಾನೂ ನಕ್ಕೆ. ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ನಕ್ಕೆ. ಆಮೇಲೆ ಆ ವಾಕ್ಯವನ್ನು ಬರೆದೆ: ಸ್ಥಳೀಯ ವ್ಯಕ್ತಿಯೊಬ್ಬರ ಹಸ್ತಕ್ಷೇಪ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಉಂಟು. ನಾನು ಹೆಗಲ ಬೂದಿಯನ್ನು ಇನ್ನೊಬ್ಬರ ಹೆಗಲಿಗೆ ಒರೆಸಿ ಬಂದವಳು.

ಕೆಲಸವನ್ನು ಮೊದಲಿನಿಂದ ಶುರು ಮಾಡಬೇಕಾಯಿತು. ಹಳ್ಳದಲ್ಲಿ ಇನ್ನೂ ಮೇಲೆ, ಅಜ್ಜಿಯ ಮನೆ ಕಾಣದ ತಿರುವಿನಲ್ಲಿ ಬೇರೆ ಹನ್ನೆರಡು ಕಲ್ಲು ಆರಿಸಿಕೊಂಡೆ. ನೆರಳು, ಹರಿವು ಎಂದೆಲ್ಲ ಕಾರಣ ಬರೆದೆ. ನಿಜವಾದ ಕಾರಣ ಒಂದೇ, ಆ ಮನೆಯ ಮುಂದೆ ನಡೆಯಲು ನನಗೆ ಮುಖವಿರಲಿಲ್ಲ. ಗುಡ್ಡದ ಹಿಂಬದಿಯಿಂದ ಬಳಸಿ ಹೋಗುತ್ತಿದ್ದೆ, ಮುಳ್ಳು ತರಚಿದರೂ ಸರಿ. ಮಳೆ ಬಂದು ಕಲ್ಲು ಬೋಳಾಯಿತು. ಹುಬ್ಬಿ ಮಳೆ ಕಳೆದು ಕಂದು ಲೋಳೆ ಹಿಡಿಯಿತು. ಚಳಿಗೆ ದಪ್ಪ ಆಯಿತು, ಕಾಲಿಟ್ಟರೆ ತುಪ್ಪ. ಪ್ರತಿ ಸಲವೂ ಫಲಿತಾಂಶ ಅಜ್ಜಿಯ ಮಾತಿನ ಹಾಗೇ ಬಂತು, ಪ್ರತಿ ಸಲವೂ ನನಗೆ ಖುಷಿಯಾಗುವ ಬದಲು ಮೈ ಮುದುಡಿಹೋಗುತ್ತಿತ್ತು.

ಆ ಚಳಿಗಾಲದಲ್ಲಿ ಒಂದು ದಿನ ಚೋರನೂರಿನ ಬಸ್ ನಿಲ್ಲುವ ಕಡೆ ಅಜ್ಜಿಯ ಸೊಸೆ ಸಿಕ್ಕಳು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

“ಹ್ಯಾಂಗದಾಳ ನಿಮ್ಮತ್ತಿ?” ಅಂದೆ.

“ಅದಾಳ್ರೀ. ಒರತಿ ನೀರು ಬಿಟ್ಟಾಳ. ದಿನಾ ಊರ ಬೋರಿಗೆ ಹೋಗಿ ಹೊತ್ತು ತರ್ತಾಳ, ಎರಡು ಕೊಡ. ಮೊಣಕಾಲು ಬ್ಯಾನಿ. ಬ್ಯಾಡಂದ್ರ ಕೇಳಂಗಿಲ್ಲ, ನಾನು ಕಣ್ಣಾರೆ ಹುಳ ನೋಡೀನಿ ಅಂತಾಳ.” ಅವಳು ನನ್ನ ಕಡೆ ತಿರುಗಿ, “ನೀವ ತೋರಿಸಿದ್ದಲ್ರೀ,” ಅಂದಳು. ಬೈಗುಳವಲ್ಲ, ಇದ್ದದ್ದನ್ನು ಹೇಳಿದಳು.

ಹಳ್ಳದಿಂದ ಊರಿಗೆ ನಡೆದರೆ ಏರು. ಆ ದಾರಿಯಲ್ಲಿ ಎರಡು ಕೊಡ. ನನ್ನ ಒಂದು ಸುಳ್ಳು ಅವರ ತಲೆಯ ಮೇಲೂ ಸೊಂಟದ ಮೇಲೂ ಕುಳಿತು ದಿನವೂ ಗುಡ್ಡ ಹತ್ತಿ ಇಳಿಯುತ್ತಿತ್ತು.

ಆವತ್ತೇ ಯಾರಿಗೂ ಕಾಣದ ಹಾಗೆ ಒರತೆಯಿಂದ ಒಂದು ಬಾಟಲಿ ನೀರು ತುಂಬಿಕೊಂಡೆ. ಅದು ಇನ್ನೂ ತಿಳಿಯಾಗಿಯೇ ಇತ್ತು, ಆಡುಗಳಿಗೆ ಈಗಲೂ ಅದೇ ನೀರು ಅಂತ ಸುತ್ತಲಿನ ಗೊರಸು ನೋಡಿದರೆ ತಿಳಿಯುತ್ತಿತ್ತು. ಕಂಪ್ಲಿಯ ನಮ್ಮ ಮನೆಯಿಂದ ಇನ್ನೊಂದು ಬಾಟಲಿ ತಂದೆ, ಅವ್ವನ ಅಡುಗೆಮನೆಯ ಫಿಲ್ಟರಿನದ್ದು. ಎರಡನ್ನೂ ಪರೀಕ್ಷೆಗೆ ಹಾಕಿದೆ. ಎರಡು ದಿನ ಬಿಟ್ಟು ನೋಡಿದರೆ ಒರತೆಯ ನೀರಿನ ತಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ, ಹೆದರುವಂಥದ್ದು ಏನೂ ಇಲ್ಲ. ನಮ್ಮ ಮನೆಯ ಫಿಲ್ಟರಿನ ತಟ್ಟೆಗಳ ಮೇಲೆ ಚುಕ್ಕೆಗಳು ಒಂದಕ್ಕೊಂದು ತಾಗುವಷ್ಟು ಬೆಳೆದಿದ್ದವು. ಫಿಲ್ಟರಿನ ಒಳಗೋಡೆಗೆ ಬೆರಳು ಹಾಕಿ ನೋಡಿದೆ. ಲೋಳೆ ಇತ್ತು. ನಾನು ಸಂಡೂರಿನ ಗುಡ್ಡದ ತನಕ ಹುಡುಕಿಕೊಂಡು ಹೋದದ್ದು ನಮ್ಮ ಮನೆಯ ಕುಡಿಯುವ ನೀರಿನಲ್ಲೇ ದಪ್ಪಗೆ ಬೆಳೆದಿತ್ತು. ಮಡಿ ಅಡುಗೆಮನೆ ನಮ್ಮದು.

ಹೇಳಲೇಬೇಕು ಎಂದು ನಿರ್ಧಾರ ಮಾಡಿದೆ. ನಿರ್ಧಾರ ಮಾಡಿ ಹೊರಡಲು ಬೇಸಿಗೆ ಬಂತು. ಅಷ್ಟು ದಿನ ಏನು ಮಾಡುತ್ತಿದ್ದೆ ಎಂದರೆ ಏನೂ ಇಲ್ಲ, ನಾಳೆ ನಾಡಿದ್ದು ಅನ್ನುತ್ತಿದ್ದೆ.

ಯುಗಾದಿ ಕಳೆದಿತ್ತು. ಹಳ್ಳ ಹರಿಯುವುದನ್ನು ಬಿಟ್ಟು ಅಲ್ಲಲ್ಲಿ ಮಡುವಾಗಿ ನಿಂತಿತ್ತು, ದಂಡೆಯ ಕಲ್ಲುಗಳ ಮೇಲೆ ಒಣಗಿದ ಲೋಳೆ ಹಪ್ಪಳವಾಗಿ ಎದ್ದಿತ್ತು. ನನ್ನ ಹಳೆಯ ಹನ್ನೆರಡು ಕಲ್ಲುಗಳ ಮೇಲೂ ಎದ್ದಿತ್ತು. ಯಾರೂ ಅವನ್ನು ಮುಟ್ಟಿರಲಿಲ್ಲ.

ಅಜ್ಜಿ ಮನೆಯ ಮುಂದೆ ಬೇವಿನ ನೆರಳಿನಲ್ಲಿ ಕುಳಿತಿದ್ದರು. ನನ್ನನ್ನು ನೋಡಿ ಏಳಲು ಹೋದರು, ಮೊಣಕಾಲಿನ ಮೇಲೆ ಕೈಯೂರಿ ನಿಧಾನಕ್ಕೆ ಎದ್ದರು. “ಬರ್ರಿ ಅಮ್ಮಾರ, ಕುಂದರ್ರಿ. ಭಾಳ ದಿನ ಆತು,” ಅಂದರು. ಅದೇ ಗೋಣಿಚೀಲ ಹಾಸಿದರು. ಬೈದದ್ದರ ಗುರುತು ಅವರ ಮುಖದಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಒಟ್ಟಿಗೇ ಸುರಿದೆ. ಒರತೆಯ ನೀರು ಒಳ್ಳೆಯದು, ಪರೀಕ್ಷೆ ಮಾಡಿ ನೋಡಿದ್ದೇನೆ, ನಮ್ಮ ಮನೆಯ ನೀರಿಗಿಂತ ಒಳ್ಳೆಯದು, ಆವತ್ತು ನಾನು ಹೇಳಿದ್ದು ತಪ್ಪು, ಬೋರಿಗೆ ಹೋಗಬೇಡಿ. ಮೊದಲ ಸಲ ಬಾಯಲ್ಲಿ ‘ನೀವು’ ಬಂತು. ಅವರಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು, ನನ್ನ ಹಿಂದೆ ಬೇರೆ ಯಾರಾದರೂ ಬಂದಿದ್ದಾರೇನೋ ಎಂಬಂತೆ ಒಮ್ಮೆ ನೋಡಿದರು.

“ನೀವು ದೊಡ್ಡ ಮನಸಿನವ್ರು, ಹಂಗಂತೀರಿ,” ಅಂದರು. “ಆದ್ರ ನಾ ನೋಡೀನಲ್ರೀ, ಈ ಕಣ್ಣೀಲೆ.”

“ಅದು ಕಲ್ಲಿಂದಮ್ಮಾ. ನೀರಿಂದಲ್ಲ.”

“ಎಲ್ಲಾ ಒಂದ ಅಂದಿದ್ರಿ.”

ಹೌದು, ಅಂದಿದ್ದೆ. ಒರತೆಗೂ ಹಳ್ಳಕ್ಕೂ ಇರುವ ವ್ಯತ್ಯಾಸವನ್ನು ಅವರು ಹೇಳಿದ್ದರು, ನಾನು ಅಳಿಸಿಹಾಕಿದ್ದೆ. ಈಗ ನನ್ನ ಪಾಠವನ್ನು ನನಗೇ ಒಪ್ಪಿಸುತ್ತಿದ್ದರು, ಒಂದಕ್ಷರ ತಪ್ಪಿಲ್ಲದೆ.

ಮಾತಿನಲ್ಲಿ ಆಗದ್ದನ್ನು ಕೈಯಲ್ಲಿ ಮಾಡಬೇಕು ಅನಿಸಿತು. “ನೀರಡಿಕಿ ಆಗೈತಿ. ಒಂದು ತಂಬಿಗಿ ನೀರು ಕೊಡ್ರಿ,” ಅಂದೆ.

ಅಜ್ಜಿಯ ಮುಖ ಅರಳಿತು. ಮೊಣಕಾಲು ನೋವನ್ನೂ ಮರೆತು ಒಳಗೆ ಹೋದರು. ಟ್ರಂಕಿನ ಮುಚ್ಚಳ ತೆಗೆದ ಸದ್ದು ಕೇಳಿತು. ನೀರಿಗೆ ಟ್ರಂಕು ಯಾಕೆ ಎಂದು ನಾನು ಯೋಚಿಸುತ್ತಿರುವಾಗಲೇ ಹೊರಗೆ ಬಂದರು. ಕೈಯಲ್ಲಿ ಅಂಗಡಿಯ ನೀರಿನ ಬಾಟಲಿ. ಅದನ್ನು ಬರಿಗೈಯಲ್ಲಿ ಹಿಡಿದಿರಲಿಲ್ಲ, ತೊಳೆದು ಮಡಿಸಿಟ್ಟ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಹಿಡಿದಿದ್ದರು.

“ಹೋದ ವರ್ಷ ಶಿವರಾತ್ರಿ ಆದ ಮ್ಯಾಲೆ ಸೊಸಿ ಕಡಿಂದ ತರಿಸಿಟ್ಟಿದ್ದೆ, ನೀವು ಬಂದ್ರ ಬೇಕಂತ. ಮುಚ್ಚಳ ಬಿಚ್ಚಿಲ್ಲ ನೋಡ್ರಿ. ನಾನು ಕೈಯಿಂದ ಮುಟ್ಟಿಲ್ಲ.”

“ಇದು ಬ್ಯಾಡಮ್ಮಾ,” ಅಂದೆ. “ನನಗ ನಿಮ್ಮ ಕೊಡದ ನೀರು ಕೊಡ್ರಿ. ಇಲ್ಲಾಂದ್ರ ಒರತಿದು ಕೊಡ್ರಿ.”

“ಬ್ಯಾಡ್ರೀ. ನಿಮಗೇನಾರ ಆದ್ರ?”

ಇನ್ನೊಮ್ಮೆ ಕೇಳಿದೆ. ಅವರು ತಲೆ ಅಲ್ಲಾಡಿಸಿ ಬಟ್ಟೆಯ ಸಮೇತ ಬಾಟಲಿಯನ್ನು ಮುಂದೆ ಚಾಚಿಯೇ ನಿಂತರು. ಎದ್ದು ಒಳಗೆ ಹೋಗಿ ನಾನೇ ಕೊಡದಿಂದ ಬಗ್ಗಿಸಿಕೊಳ್ಳಬಹುದಿತ್ತು. ಆದರೆ ಅದು ಅವರ ಮನೆ, ಏನು ಕೊಡಬೇಕು ಎಂದು ಹೇಳುವವರು ಅವರು. ಬಾಟಲಿ ತೆಗೆದುಕೊಂಡೆ. ಮುಚ್ಚಳ ತಿರುವಿದೆ, ಸೀಲು ಪಟಪಟ ಹರಿಯಿತು. ಒಂದು ವರ್ಷಕ್ಕೂ ಹೆಚ್ಚು ಟ್ರಂಕಿನಲ್ಲಿದ್ದ ನೀರು ಬೆಚ್ಚಗಿತ್ತು, ಪ್ಲಾಸ್ಟಿಕ್ಕಿನ ವಾಸನೆ ಇತ್ತು. ಅವರು ನೋಡುತ್ತಿದ್ದರು. ಕಣ್ಣು ಮುಚ್ಚಿಕೊಂಡು ಅರ್ಧ ಬಾಟಲಿ ಕುಡಿದೆ.

ಅಜ್ಜಿ ನನ್ನ ಎದುರಿಗೆ ನೆಲದ ಮೇಲೆ ಕುಳಿತರು. ಬಿಳಿ ಬಟ್ಟೆಯನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡರು. ಬಹಳ ದಿನದ ಒಂದು ಕೆಲಸ ಮುಗಿದವರ ಹಾಗೆ ಉಸಿರು ಬಿಟ್ಟು, “ಅಂತೂ ನಮ್ಮ ಮನ್ಯಾಗ ನೀರು ಕುಡದ್ರಿ,” ಅಂದರು. “ಈಗ ಸಮಾಧಾನ ಆತ್ರೀ.”